ಲೀಟರಿಗೆ ಎಷ್ಟು ಕೊಡುತ್ತೆ

ಹೊಸ ಕಾರು ಕೊಂಡವರ ಮನೆಗೆ ಬರುವ ಜನ ಬೆಲೆಯನ್ನು ಸುತ್ತಿ ಬಳಸಿ ಕೇಳುತ್ತಾರೆ, ಮೈಲೇಜನ್ನು ಮಾತ್ರ ಮುಖಕ್ಕೇ ಕೇಳುತ್ತಾರೆ. ಲೀಟರಿಗೆ ಎಷ್ಟು ಕೊಡುತ್ತೆ? ಮೊದಲ ವಾರವೆಲ್ಲ ಮನೆಯ ದೊಡ್ಡ ಮಗ ಎದೆ ಸೆಟೆಸಿ ಇಪ್ಪತ್ತೆರಡು ಅಂದ. ಅದು ಶೋರೂಮಿನವನು ಹೇಳಿಕೊಟ್ಟ ಸಂಖ್ಯೆ. ಎರಡನೆಯ ಸಲ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಪೆಟ್ರೋಲಿನಿಂದ ಭಾಗಿಸಿ ನೋಡಿದರೆ ಹನ್ನೆರಡು. ಅಂದಿನಿಂದ ಆ ಪ್ರಶ್ನೆ ಕೇಳಿದವರ ಜೊತೆ ಅವನು ಮಾತೇ ಬಿಟ್ಟ.

“ಹನ್ನೆರಡು,” ಎಂದು ಅವನು ಊಟಕ್ಕೆ ಕೂತಾಗ ಹೇಳಿದ. ಅಪ್ಪ, ಅಮ್ಮ, ತಮ್ಮ, ಹೆಂಡತಿ ನಾಲ್ವರೂ ತಟ್ಟೆ ನೋಡುತ್ತಿದ್ದರು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಆ ಜಗಳ ಆಗಷ್ಟೇ ಮುಗಿದಿತ್ತು.

“ಏನು ಹನ್ನೆರಡು?” ಅಮ್ಮ ಕೇಳಿದರು.

“ಕಾರು. ಇಪ್ಪತ್ತೆರಡು ಕೊಡಬೇಕಾದ ಕಾರು ಹನ್ನೆರಡು ಕೊಡ್ತಿದೆ.”

“ಓಡಿಸೋರು ಯಾರು ಅಂತಾನೂ ನೋಡಬೇಕಲ್ಲ,” ಅಮ್ಮ ಸೊಸೆಯ ಕಡೆ ತಿರುಗದೆಯೇ ಹೇಳಿದರು.

ಓಡಿಸುತ್ತಿದ್ದವಳು ಸೊಸೆ. ದೊಡ್ಡವನನ್ನು ಕಾರ್ಖಾನೆಯ ಬಸ್ಸು ಬೀದಿ ತುದಿಯಿಂದ ಕರೆದುಕೊಂಡು ಹೋಗುತ್ತಿತ್ತು. ಸೊಸೆಯ ಕಚೇರಿ ಊರಿನ ಇನ್ನೊಂದು ತುದಿಯಲ್ಲಿತ್ತು. ಕಾರು ಅವಳ ಅನುಕೂಲಕ್ಕೆ ಎಂದೇ ಎಲ್ಲರೂ ಹೇಳುತ್ತಿದ್ದರು, ಹಾಗೆ ಹೇಳುವಾಗ ಕಂತಿನ ಅರ್ಧ ಅವಳ ಸಂಬಳದಿಂದ ಹೋಗುತ್ತದೆ ಎಂಬುದನ್ನು ಮಾತ್ರ ನುಂಗಿಬಿಡುತ್ತಿದ್ದರು.

“ನಾನು ಸರಿಯಾಗೇ ಓಡಿಸ್ತೀನಿ,” ಎಂದಳು ಅವಳು.

“ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀಯ,” ಎಂದ ಗಂಡ.

“ನೀವು ಯಾವಾಗ ನೋಡಿದ್ರಿ?”

“ನೋಡಬೇಕಾಗಿಲ್ಲ. ಹನ್ನೆರಡು ಅಂದಮೇಲೆ ಗೊತ್ತಾಗಲ್ವಾ?”

ದೊಡ್ಡವನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆಯವನು. ಸಿದ್ಧವಾಗಿ ಬಂದ ಪಂಪನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುವುದು ಅವನ ಕೆಲಸ. ಮನೆಯಲ್ಲಿ ಚೀಟಿ ಇರಲಿಲ್ಲ, ಕಣ್ಣಲ್ಲೇ ಅಂಟಿಸುತ್ತಿದ್ದ. ಕಾರಿನ ಮುಂದಿನ ಫಲಕದಲ್ಲಿ ಮೈಲೇಜು ತಾನಾಗಿ ತೋರಿಸುವ ಒಂದು ಸಣ್ಣ ಕಿಂಡಿ ಇತ್ತು. ಕಾರು ಬಂದ ದಿನವೇ ಅದರ ಮೇಲೆ ಕಪ್ಪು ಟೇಪು ಅಂಟಿಸಿಬಿಟ್ಟಿದ್ದ. ಅದು ಕಂಪನಿಯವರ ಬಾಯಿ, ಅವರಿಗೆ ಬೇಕಾದ್ದನ್ನು ಹೇಳುತ್ತದೆ, ತಾನು ಅಳೆದದ್ದೇ ಅಳತೆ ಎಂಬುದು ಅವನ ವಾದ. ತನ್ನ ಅಳತೆ ಹನ್ನೆರಡು ಅಂದಿದ್ದರಿಂದ ಈಗ ಯಾರಿಗಾದರೂ ಕೆಂಪು ಚೀಟಿ ಅಂಟಿಸಲೇಬೇಕಾಗಿತ್ತು.

ಕ್ಲಚ್ಚಿನ ಮಾತು ಸುಳ್ಳು. ಹೆಂಡತಿ ಗಂಡನಿಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಪೆಟ್ರೋಲು ಹೋಗುತ್ತಿದ್ದದ್ದು ರಸ್ತೆಯಲ್ಲಲ್ಲ, ಮನೆಯ ಕೆಳಗೆ.

ಅವಳಿಗೆ ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಜನ ಬಂದು, ನಲ್ಲಿಯಲ್ಲಿ ನೀರು ಬರದಿದ್ದಕ್ಕೂ ಬಂದ ನೀರು ವಾಸನೆ ಹೊಡೆಯುವುದಕ್ಕೂ ಬಿಲ್ಲು ಜಾಸ್ತಿಯಾದದ್ದಕ್ಕೂ ಅವಳನ್ನೇ ಬೈಯುತ್ತಿದ್ದರು. ಬೈಸಿಕೊಂಡು ನಗುಮುಖದಲ್ಲಿ ಬರೆದುಕೊಳ್ಳುವುದೇ ಕೆಲಸ. ಸಂಜೆ ಮನೆಯ ಕಟ್ಟಡದ ಹಿಂದೆ, ಪಂಪ್ ಕೋಣೆಯ ಪಕ್ಕ ಕಾರು ನಿಲ್ಲಿಸಿದರೆ, ನೇರ ಮೇಲೆ ಎರಡನೆಯ ಮಹಡಿಯಲ್ಲಿ ಅವರ ಅಡುಗೆಮನೆಯ ಕಿಟಕಿ. ಅಲ್ಲಿಂದ ಅತ್ತೆಯ ಮಾತು ಕೆಳಗೆ ಬೀಳುತ್ತಿತ್ತು. ಬೆಳಗಿನ ಪಾತ್ರೆ ಸರಿಯಾಗಿ ತೊಳೆದಿಲ್ಲ, ಬಟ್ಟೆ ಹಿಂಡದೆ ಹರವಿ ಹೋಗಿದ್ದಾಳೆ, ಸಂಬಳ ತರುತ್ತೇನೆ ಅನ್ನೋ ಕೊಬ್ಬು, ಈಗ ಬರಲಿ ಹೇಳ್ತೀನಿ. ಕಾರಿನ ಗಾಜು ಇಳಿಸಿದರೆ ಪಂಪಿನ ಸದ್ದನ್ನೂ ಮೀರಿ ಒಂದು ಮಾತೂ ತಪ್ಪದೆ ಕೇಳಿಸುತ್ತಿತ್ತು. ಗಾಜು ಏರಿಸಿದರೆ ಒಳಗೆ ಬೇಯುವ ಸೆಕೆ. ಗಾಜು ಏರಿಸಿ ಎ.ಸಿ. ಹಾಕಿದರೆ ಮಾತ್ರ ಎರಡೂ ಇಲ್ಲ. ಎ.ಸಿ. ಬೇಕೆಂದರೆ ಎಂಜಿನ್ ಓಡುತ್ತಿರಬೇಕು.

ಹಾಗೆ ಅವಳು ಅರ್ಧ ಗಂಟೆ ಕೂರುತ್ತಿದ್ದಳು. ಕೆಲವು ದಿನ ಇನ್ನೂ ಜಾಸ್ತಿ. ಹಾಡು ಹಾಕುತ್ತಿರಲಿಲ್ಲ, ಫೋನು ನೋಡುತ್ತಿರಲಿಲ್ಲ. ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ, ಚಪ್ಪಲಿ ಬಿಟ್ಟು, ಟೇಪು ಅಂಟಿಸಿದ ಕಿಂಡಿಯನ್ನು ನೋಡುತ್ತಾ ಸುಮ್ಮನೆ ಕೂರುತ್ತಿದ್ದಳು. ಆ ಹೊತ್ತಿಗೆ ಕಟ್ಟಡದ ನೀರಿನ ಪಂಪು ಗುಂಯ್ಗುಡುವುದರಿಂದ ಎಂಜಿನ್ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಇಡೀ ದಿನದಲ್ಲಿ ಅವಳದು ಅಂತ ಇದ್ದದ್ದು ಆ ಅರ್ಧ ಗಂಟೆ ಒಂದೇ, ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಯಾಕೆ ತಡ ಎಂದು ಕೇಳಿದರೆ ಟ್ರಾಫಿಕ್ ಅನ್ನುತ್ತಿದ್ದಳು.

ಒಬ್ಬನಿಗೆ ಮಾತ್ರ ಗೊತ್ತಿತ್ತು, ಮೈದುನನಿಗೆ. ಚಿಕ್ಕವನು ಟೈಲ್ಸ್ ಕೂರಿಸುವವನು. ಸಂಜೆ ತನ್ನ ಹಳೆಯ ಬೈಕಿನಲ್ಲಿ ಬಂದು, ಪಂಪ್ ಕೋಣೆಯ ನಲ್ಲಿಯಲ್ಲಿ ಕರಣೆ, ಬಕೆಟ್ಟು ತೊಳೆದು ಮೇಲೆ ಹೋಗುತ್ತಿದ್ದ. ಒಂದು ಸಂಜೆ ಕಾರಿನ ಗಾಜನ್ನು ಬೆರಳಿನಿಂದ ತಟ್ಟಿದ. ಅವಳು ಗಾಬರಿಯಾಗಿ ಇಳಿಸಿದಳು.

“ಅತ್ತಿಗೆ, ಕೂರೋದಾದ್ರೆ ಒಂದು ಬೆರಳಷ್ಟು ಗಾಜು ಇಳಿಸಿಕೊಂಡು ಕೂತ್ಕೊಳ್ಳಿ. ಎಂಜಿನ್ ಹೊಗೆ ಒಳ್ಳೇದಲ್ಲ,” ಎಂದ. ಅಷ್ಟೇ ಹೇಳಿ ಬಕೆಟ್ಟು ಎತ್ತಿಕೊಂಡು ಹೋದ. ಮೇಲೆ ಹೋಗಿ ಯಾರಿಗೂ ಹೇಳಲಿಲ್ಲ. ಅವರಿಬ್ಬರ ನಡುವೆ ಅಂಥ ಸಲಿಗೆಯೇನೂ ಇರಲಿಲ್ಲ, ಅವಳ ಅಡುಗೆಗೆ ಅವನೂ ಮೂಗು ಮುರಿಯುವವನೇ.

ದೊಡ್ಡವನು ಒಂದು ಭಾನುವಾರ ತಾನೇ ಟ್ಯಾಂಕು ತುಂಬಿಸಿ, ಊರಾಚೆಯ ರಸ್ತೆಯಲ್ಲಿ ಹೋಗಿ ಬಂದು, ಮತ್ತೆ ತುಂಬಿಸಿ ನೋಡಿದ. ಹದಿನೆಂಟು ಬಂತು. ಮುಂದಿನ ವಾರ ಹೆಂಡತಿ ಓಡಿಸಿದ ಮೇಲೆ ಮತ್ತೆ ಹನ್ನೆರಡು. ರಜೆ ಹಾಕಿ ಕಾರನ್ನು ಸರ್ವೀಸಿಗೆ ಒಯ್ದು, ಅಲ್ಲಿ ಟೇಬಲ್ ಗುದ್ದಿ ಕೂಗಾಡಿದ.

“ಸರ್, ಕಂಪನಿ ಹೇಳೋ ನಂಬರ್ ಬೇರೆ, ರಸ್ತೆ ಕೊಡೋ ನಂಬರ್ ಬೇರೆ,” ಎಂದ ಅಲ್ಲಿಯ ಮೇಲ್ವಿಚಾರಕ. “ಇಪ್ಪತ್ತೆರಡು ಯಾರಿಗೂ ಬರಲ್ಲ. ಊರೊಳಗೆ ಹದಿನಾರು ಬಂದರೆ ಪುಣ್ಯ.”

“ಹನ್ನೆರಡು ಬರ್ತಿದೆ ಅಂತೀನಿ.”

“ಗಾಡಿಯಲ್ಲಿ ಏನೂ ಇಲ್ಲ ಸರ್. ಮನೆಯಲ್ಲೇ ವಿಚಾರಿಸಿ.”

ಈ ಕೊನೆಯ ಮಾತನ್ನು ದೊಡ್ಡವನು ಮನೆಗೆ ತಂದು ಎಲ್ಲರ ಮುಂದೆ ಹರಡಿದ. ಅದನ್ನು ಕೈಗೆತ್ತಿಕೊಂಡವರು ಅಪ್ಪ.

ಅಪ್ಪ ಮೂವತ್ತು ವರ್ಷ ಸಿಮೆಂಟಿನ ಉಗ್ರಾಣ ನೋಡಿಕೊಂಡವರು. ಚೀಲ ಕಡಿಮೆಯಾದರೆ ಯಾರ ಲಾರಿಯಲ್ಲಿ ಹೋಯಿತು ಎಂದು ಮುಖ ನೋಡಿ ಹೇಳುತ್ತೇನೆ ಎಂಬುದು ಅವರ ಹೆಮ್ಮೆ. ನಿವೃತ್ತರಾದ ಮೇಲೆ ಹಿಡಿಯಲು ಕಳ್ಳರಿಲ್ಲದೆ ಅವರಿಗೆ ಕೈ ಕಟ್ಟಿಹಾಕಿದ ಹಾಗಾಗಿತ್ತು.

“ಮಾಲು ತಾನಾಗಿ ಕಡಿಮೆ ಆಗಲ್ಲ,” ಎಂದರು. “ಯಾರೋ ತೆಗೀತಿದ್ದಾರೆ.”

“ಪೆಟ್ರೋಲನ್ನಾ?”

“ಮತ್ತೇನು, ಟೈರು ತೆಗೀತಾರಾ?”

ಮರುದಿನ ಬೆಳಿಗ್ಗೆ ಅವರು ಕೆಳಗಿಳಿದು, ಪೆಟ್ರೋಲ್ ಮುಚ್ಚಳದ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ಸಹಿ ಹಾಕಿದರು. ಉಗ್ರಾಣದ ಬಾಗಿಲಿಗೆ ಹಾಕುತ್ತಿದ್ದ ಸೀಲು ಅದು. ವಾರವೆಲ್ಲ ದಿನಾ ಬೆಳಿಗ್ಗೆ, ಸೊಸೆ ಕಚೇರಿಗೆ ಹೊರಡುವ ಮೊದಲು, ಕನ್ನಡಕ ಹಾಕಿಕೊಂಡು ಬಗ್ಗಿ ಸಹಿಯನ್ನು ಪರೀಕ್ಷಿಸಿದರು. ಅವಳು ಕಾರಿನೊಳಗೆ ಕೂತು, ಬಗ್ಗಿದ ಮಾವ ಮೇಲೇಳುವವರೆಗೆ ಕಾಯುತ್ತಿದ್ದಳು. ಕಚೇರಿಯಲ್ಲಿ ಜೊತೆಯವರು ಅದೇನು ಚೀಟಿ ಎಂದು ಕೇಳಿದರೆ ಯಾರೋ ಮಕ್ಕಳು ಅಂಟಿಸಿದ್ದು ಅನ್ನುತ್ತಿದ್ದಳು. ಸೀಲು ಒಡೆಯಲಿಲ್ಲ. ಮೈಲೇಜು ಏರಲೂ ಇಲ್ಲ.

“ಸೀಲು ಹಾಗೇ ಇದೆಯಲ್ಲ ಅಪ್ಪ,” ಎಂದ ದೊಡ್ಡವನು.

“ಅದೇ ನೋಡು. ಸೀಲು ಒಡೀದೆ ತೆಗೀತಿದ್ದಾನೆ ಅಂದರೆ ಕೈಕೆಲಸ ಬಲ್ಲವನು.”

ಇದಕ್ಕೆ ಏನು ಹೇಳುವುದು? ಸೀಲು ಒಡೆದಿದ್ದರೆ ಕಳ್ಳತನ, ಒಡೆಯದಿದ್ದರೆ ಇನ್ನೂ ದೊಡ್ಡ ಕಳ್ಳತನ. ಇಂಥ ಮನುಷ್ಯನ ಕೈಗೆ ಸಿಕ್ಕಿಕೊಂಡವನು ಪಾರಾಗುವುದಾದರೂ ಹೇಗೆ?

ಮನೆಯಲ್ಲಿ ಕೈಕೆಲಸ ಬಲ್ಲವನು ಒಬ್ಬನೇ ಇದ್ದ. ಬೈಕು ಇದ್ದವನೂ ಅವನೇ. ಆ ಭಾನುವಾರ ಅವನು ಸ್ನಾನಕ್ಕೆ ಹೋದಾಗ ಅಪ್ಪ ಅವನ ಕೆಲಸದ ಚೀಲ ಬಿಚ್ಚಿದರು. ಸುರುಳಿ ಸುತ್ತಿದ ಉದ್ದನೆಯ ಪಾರದರ್ಶಕ ಟ್ಯೂಬು ಸಿಕ್ಕಿತು. ಟೈಲ್ಸ್ ಕೂರಿಸುವವರು ಅದರಲ್ಲಿ ನೀರು ತುಂಬಿಸಿ ಎರಡು ತುದಿ ಎರಡು ಕಡೆ ಹಿಡಿದು ಮಟ್ಟ ನೋಡುತ್ತಾರೆ. ಅಪ್ಪ ಅದನ್ನು ಮೂಗಿಗೆ ಹಿಡಿದು ನೋಡಿದರು. ವಾಸನೆ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಟ್ಯೂಬನ್ನು ಅನ್ನದ ಪಾತ್ರೆಯ ಪಕ್ಕದಲ್ಲೇ ಇಟ್ಟರು.

“ಇದು ಏನು?”

ಚಿಕ್ಕವನು ಬಾಯಲ್ಲಿದ್ದ ತುತ್ತು ನುಂಗಿದ. “ಮಟ್ಟ ನೋಡೋ ಟ್ಯೂಬು. ಯಾಕೆ ಇಲ್ಲಿ ತಂದಿಟ್ಟಿದ್ದೀರಿ?”

“ಪೆಟ್ರೋಲ್ ವಾಸನೆ ಇಲ್ಲ. ಚೆನ್ನಾಗಿ ತೊಳೆದಿದ್ದೀಯ.”

“ಏನು?”

“ಅಣ್ಣನ ಕಾರಿಂದ ಎಷ್ಟು ದಿನದಿಂದ ಎಳೀತಿದ್ದೀಯ?”

ಚಿಕ್ಕವನು ಮೊದಲು ಅಪ್ಪನನ್ನು ನೋಡಿದ, ಆಮೇಲೆ ಅಣ್ಣನನ್ನು. ಕೊನೆಗೆ ಅತ್ತಿಗೆಯನ್ನು ನೋಡಿದ. ಆ ನೋಟ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಹೇಳಬೇಕಾಗಿತ್ತು, ಆಗಲೇ ಹೇಳಬೇಕಾಗಿತ್ತು. ಅವಳು ಎದ್ದು ನೀರಿನ ಜಗ್ಗು ತುಂಬಿಸಿಕೊಂಡು ಬಂದಳು.

“ಅಣ್ಣ, ನೀನೂ ಹಾಗೇ ಅಂದುಕೊಂಡಿದ್ದೀಯಾ?”

“ನಾನು ಏನೂ ಅಂದುಕೊಳ್ಳಲ್ಲ. ಲೆಕ್ಕ ಹೇಳ್ತಿದೆ.”

“ನಿನ್ನ ಲೆಕ್ಕ ನನ್ನ ಹೆಸರು ಹೇಳ್ತಾ?”

“ಮತ್ಯಾರ ಹೆಸರು ಹೇಳಬೇಕು? ನೀನೇ ಹೇಳು.”

ಚಿಕ್ಕವನು ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಅವನು ತಟ್ಟೆ ಸರಿಸಿ, ಟ್ಯೂಬನ್ನು ಸುರುಳಿ ಸುತ್ತಿ ಎದ್ದ.

“ಊಟ ಬಿಟ್ಟು ಏಳಬೇಡ,” ಅಮ್ಮ ಕೂಗಿದರು. “ಈ ಹಾಳು ಕಾರು ಬಂದ ದಿನದಿಂದ ಮನೆಯಲ್ಲಿ ಒಬ್ಬರು ಹೊಟ್ಟೆ ತುಂಬ ತಿಂದಿಲ್ಲ. ಬಸ್ಸಿಗೆ ಹೋಗ್ತಿದ್ದಳು, ಅದಕ್ಕೇನಾಗಿತ್ತು? ಮಹಾರಾಣಿ, ಕಾರಿಲ್ಲದೆ ಇಳಿಯಲ್ಲ.”

“ಕಾರು ತಗೋಬೇಕು ಅಂದಿದ್ದು ನಾನಲ್ಲ ಅತ್ತೆ.”

“ಹತ್ತೋದು ನೀನು ತಾನೆ?”

“ಮುಂದಿನ ಭಾನುವಾರದೊಳಗೆ ಬೇರೆ ಜಾಗ ನೋಡಿಕೋ,” ಎಂದರು ಅಪ್ಪ ಚಿಕ್ಕವನಿಗೆ, ಮೊಸರು ಕಲಸಿಕೊಳ್ಳುತ್ತಾ. “ಉಗ್ರಾಣದಲ್ಲಿ ಕಳ್ಳನನ್ನ ಇಟ್ಟುಕೊಂಡವನಲ್ಲ ನಾನು, ಮನೆಯಲ್ಲಿ ಇಟ್ಟುಕೊಳ್ತೀನಾ?”

ಆ ವಾರ ಚಿಕ್ಕವನು ಮನೆಯಲ್ಲಿ ಊಟ ಮಾಡಲಿಲ್ಲ. ಮಲಗಲು ಮಾತ್ರ ಬರುತ್ತಿದ್ದ. ಅಮ್ಮ ಅವನ ಪಾಲಿನದನ್ನು ಮುಚ್ಚಿಟ್ಟು, ಬೆಳಿಗ್ಗೆ ಅದನ್ನು ಹಾಗೇ ನೋಡಿ, ಸಿಟ್ಟನ್ನೆಲ್ಲ ಸೊಸೆಯ ಮೇಲೆ ಕಾರುತ್ತಿದ್ದರು. ಅಣ್ಣತಮ್ಮಂದಿರು ಹಜಾರದಲ್ಲಿ ಎದುರಾದರೆ ಒಬ್ಬ ಗೋಡೆಗೆ ಸರಿದು ನಿಲ್ಲುತ್ತಿದ್ದ.

ಸೊಸೆಗೆ ಕಾರಿನಲ್ಲಿ ಕೂರಲು ಮನಸ್ಸೇ ಬರಲಿಲ್ಲ. ಸೋಮವಾರ ಸಂಜೆ ಪಂಪ್ ಕೋಣೆಯ ಪಕ್ಕ ನಿಲ್ಲಿಸಿದವಳೇ ಎಂಜಿನ್ ಆರಿಸಿ, ಬಾಗಿಲು ಹಾಕಿ, ನೇರ ಮೆಟ್ಟಿಲು ಹತ್ತಿದಳು. ಮೇಲೆ ಅತ್ತೆ ಶುರುಮಾಡಿದರು, ಅವಳು ಕೈಕಾಲು ತೊಳೆಯದೆ ತರಕಾರಿ ಹೆಚ್ಚಲು ಕೂತಳು. ಮಂಗಳವಾರವೂ ಹಾಗೇ. ತಾನು ಕೂರುವುದನ್ನು ಬಿಟ್ಟರೆ ಪೆಟ್ರೋಲು ಉಳಿಯುತ್ತದೆ, ಪೆಟ್ರೋಲು ಉಳಿದರೆ ಜಗಳ ತಣ್ಣಗಾಗುತ್ತದೆ, ಆಗ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಲೆಕ್ಕ ಹಾಕಿದ್ದಳು. ಹೆದರಿದವರು ಹಾಕುವ ಲೆಕ್ಕವೇ ಅಂಥದ್ದು.

ಶನಿವಾರ ದೊಡ್ಡವನು ಟ್ಯಾಂಕು ತುಂಬಿಸಿಕೊಂಡು ಬಂದ. ಚಪ್ಪಲಿ ಬಿಡುವ ಮೊದಲೇ ಹೇಳಿದ:

“ಹದಿನಾರೂವರೆ.”

ಅಪ್ಪ ಓದುತ್ತಿದ್ದ ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟರು. ಅವರ ಮುಖದಲ್ಲಿ ಬಂದ ತೃಪ್ತಿಯನ್ನು ಆ ಮನೆ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

“ಹಿಡಿದ ಕೂಡಲೇ ನಿಂತಿತು. ಇನ್ನೇನು ಬೇಕು ಸಾಕ್ಷಿ?”

ಸೊಸೆ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ತಾನು ಕೂರುವುದನ್ನು ಬಿಟ್ಟದ್ದೇ ಮೈದುನನ ಕುತ್ತಿಗೆಗೆ ಬಂತು ಎಂದು ಅವಳಿಗೆ ಹೊಳೆಯಲು ಚಹಾ ಆರುವಷ್ಟು ಹೊತ್ತು ಬೇಕಾಯಿತು. ಅವತ್ತೂ ಅವಳು ಬಾಯಿ ಬಿಡಲಿಲ್ಲ.

ಭಾನುವಾರ ಚಿಕ್ಕವನು ಬಟ್ಟೆಯ ಚೀಲ, ಕೆಲಸದ ಚೀಲ ಎರಡನ್ನೂ ಬಾಗಿಲ ಹತ್ತಿರ ತಂದಿಟ್ಟ. ಟೈಲ್ಸ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮಲಗಲು ಜಾಗ ಸಿಕ್ಕಿತ್ತು. ಒಳಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಅಮ್ಮ ಬಡಿಸುವುದನ್ನು ಬಿಟ್ಟು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

“ಒಂದು ತುತ್ತು ತಿಂದು ಹೋಗೋ.”

“ಬೇಡಮ್ಮ. ಆಮೇಲೆ ಅಕ್ಕಿ ಕಡಿಮೆ ಆಯ್ತು ಅಂತ ಇನ್ನೊಂದು ಲೆಕ್ಕ ಬರುತ್ತೆ.”

“ಇನ್ನೂ ನಾಲಗೆ ಇದೆ ನೋಡು,” ಎಂದರು ಅಪ್ಪ. “ತಪ್ಪಾಯ್ತು ಅಂತ ಒಂದು ಮಾತು ಬರಲಿಲ್ಲ.”

“ಅವನಲ್ಲ ಮಾವ,” ಎಂದಳು ಸೊಸೆ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅವಳು ಸೌಟನ್ನು ಪಾತ್ರೆಯೊಳಗೆ ಬಿಟ್ಟು ಕೈ ಒರೆಸಿಕೊಂಡಳು.

“ಪೆಟ್ರೋಲ್ ಯಾರೂ ತೆಗೆದಿಲ್ಲ. ನಾನು ಸುಟ್ಟಿದ್ದು. ಸಂಜೆ ಬಂದು ಕೆಳಗೆ ಕಾರಲ್ಲೇ ಕೂರ್ತಿದ್ದೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಎಂಜಿನ್ ಆನ್ ಇಟ್ಟುಕೊಂಡು. ಈ ವಾರ ಕೂರಲಿಲ್ಲ. ಅದಕ್ಕೇ ಹದಿನಾರೂವರೆ ಬಂದಿದ್ದು.”

“ಕಾರಲ್ಲಿ ಕೂತ್ಕೊಂಡು ಏನು ಮಾಡ್ತಿದ್ದೆ?” ಅಪ್ಪ ಕೇಳಿದರು.

“ಏನೂ ಇಲ್ಲ. ಸುಮ್ಮನೆ ಕೂರ್ತಿದ್ದೆ. ಮೇಲೆ ಬರೋಕೆ ಕಾಲೇ ಬರ್ತಿರಲಿಲ್ಲ.”

“ಅಂದರೆ?” ಅಮ್ಮನ ಅಳು ನಿಂತಿತು.

“ಈ ಮನೆಗೆ ಬರೋಕೆ ಆಗ್ತಿರಲಿಲ್ಲ ಅತ್ತೆ. ಗಾಜು ಇಳಿಸಿದ್ರೆ ನೀವು ಬೈಯೋದು ಕೆಳಗೆ ಕೇಳಿಸುತ್ತೆ. ಬಂದ ಮೇಲೆ ಹೇಗೂ ಬೈಸಿಕೊಳ್ಳಬೇಕು. ಅದಕ್ಕೆ ಮೊದಲು ಸ್ವಲ್ಪ ಹೊತ್ತು ಬೇಕಾಗಿತ್ತು ನನಗೆ. ದಿನಾ ಬೇಕಾಗಿತ್ತು.”

“ಕೇಳಿದ್ರಾ, ಕೇಳಿದ್ರಾ,” ಅಮ್ಮ ಗಂಡನ ಕಡೆ ತಿರುಗಿದರು. “ನನ್ನ ಬಾಯಿಗೆ ಹೆದರಿ ಕಾರಲ್ಲಿ ಕೂರ್ತಿದ್ದಳಂತೆ. ನಾನು ಇಲ್ಲಿ ಒಲೆ ಮುಂದೆ ಬೇಯ್ತಿದ್ರೆ ಇವಳು ಕೆಳಗೆ ತಂಪಾಗಿ ಕೂತಿದ್ದಳು. ನನ್ನ ಮಗನಿಗೆ ಕಳ್ಳ ಅನ್ನಿಸಿ, ಒಂದು ವಾರ ಬಾಯಿ ಮುಚ್ಚಿಕೊಂಡು ಅನ್ನ ಬಡಿಸಿದ್ದಾಳೆ.”

“ಹೌದು,” ಎಂದಳು ಸೊಸೆ. “ಅದು ನನ್ನ ತಪ್ಪು. ಅದಕ್ಕೆ ಏನು ಬೇಕಾದ್ರೂ ಅನ್ನಿ.” ಬಾಗಿಲ ಕಡೆ ತಿರುಗಿದಳು. “ನಿನಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?”

“ನಾನು ಹೇಳಿದ್ರೆ ಸಿಕ್ಕಿಹಾಕಿಕೊಂಡವನು ಅತ್ತಿಗೆ ಮೇಲೆ ಹಾಕ್ತಿದ್ದಾನೆ ಅಂತಿದ್ರು,” ಎಂದ ಚಿಕ್ಕವನು. “ಮತ್ತೆ, ಕೂರಲಿ ಬಿಡು ಅನ್ನಿಸಿತ್ತು. ನನಗಾದ್ರೆ ಈ ಮನೆ ಬಿಟ್ಟು ಹೊರಗಿರೋಕೆ ಜಾಗ ಇದೆ.”

ಈಗ ಎಲ್ಲರೂ ದೊಡ್ಡವನನ್ನು ನೋಡಿದರು. ಹೆಂಡತಿಯೂ ನೋಡಿದಳು. ಅವಳು ಬೈಗುಳಕ್ಕೆ ಸಿದ್ಧಳಾಗಿದ್ದಳು. ಬೇಕಾದರೆ ಎರಡು ಏಟಿಗೂ. ಆದರೆ ಅವಳು ಹೇಳಿದ್ದು ಅವನಿಗೆ ನಾಟಬೇಕಾಗಿತ್ತು, ಅಷ್ಟನ್ನೇ ಅವಳು ಕಾದದ್ದು. ಅವನು ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದ.

“ಎ.ಸಿ. ಹಾಕಿಕೊಂಡಾ?” ಎಂದು ಕೇಳಿದ.

“ಏನು?”

“ಕೂರ್ತಿದ್ದೆ ಅಂದೆಯಲ್ಲ. ಎ.ಸಿ. ಹಾಕಿಕೊಂಡು ತಾನೆ?”

“ಹೂಂ.”

“ಎಷ್ಟರಲ್ಲಿ?”

“ಅಣ್ಣ, ಅವರು ಹೇಳ್ತಿರೋದು ಕಾರಿನ ವಿಷಯ ಅಲ್ಲ,” ಎಂದ ಚಿಕ್ಕವನು.

ಅಣ್ಣ ಆಗಲೇ ಎಂಜಲು ಕೈಯನ್ನು ತೊಳೆದುಕೊಂಡು, ಬೀಗದ ಕೈ ತೆಗೆದುಕೊಂಡು ಮೆಟ್ಟಿಲಿಳಿದಿದ್ದ. ಕೆಳಗೆ ಕಾರಿನ ಬಾಗಿಲು ತೆರೆದ ಸದ್ದು ಅಡುಗೆಮನೆಯ ಕಿಟಕಿಯಿಂದ ಕೇಳಿಸಿತು. ಎಲ್ಲವೂ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಅಮ್ಮನಿಗೆ ಆಗ ಗೊತ್ತಾಯಿತೋ ಏನೋ, ಅವರು ಬಾಯಿಗೆ ಬಂದ ಮಾತನ್ನು ತಡೆದರು. ಅಪ್ಪ ಪೇಪರಿಗಾಗಿ ಸುತ್ತ ಹುಡುಕಿದರು. ಚಿಕ್ಕವನು ಎರಡೂ ಚೀಲಗಳನ್ನು ಹೆಗಲಿಗೇರಿಸಿದ.

“ಇನ್ನು ಯಾಕೆ ಹೋಗ್ತೀಯ?” ಎಂದರು ಅಮ್ಮ.

“ಕಳ್ಳ ಅಲ್ಲ ಅಂತ ಆಯ್ತು. ಅಷ್ಟಕ್ಕೇ ಇಲ್ಲಿ ಇರಬೇಕಾ?” ಎಂದು ಅವನು ಚಪ್ಪಲಿ ಮೆಟ್ಟಿದ. ಅಪ್ಪನ ಮುಂದೆ ಕ್ಷಣ ನಿಂತು ನೋಡಿದ. ಅಪ್ಪ ಕನ್ನಡಕ ಒರೆಸುತ್ತಿದ್ದರು. ಅವನು ಇಳಿದು ಹೋದ.

ದೊಡ್ಡವನು ಮೇಲೆ ಬಂದಾಗ ಅವನ ಬೆರಳುಗಳ ನಡುವೆ ಕಪ್ಪು ಟೇಪಿನ ಉಂಡೆ ಇತ್ತು. ಕಿಂಡಿಯಲ್ಲಿ ಕಾರು ಮೊದಲ ದಿನದಿಂದ ಬರೆದಿಟ್ಟುಕೊಂಡ ಸಂಖ್ಯೆ ಇತ್ತು, ಅದೂ ಹನ್ನೆರಡರ ಹತ್ತಿರವೇ. ಯಾರಾದರೂ ಟ್ಯೂಬಿನಿಂದ ಎಳೆದಿದ್ದರೆ ಆ ಪೆಟ್ರೋಲು ಈ ಲೆಕ್ಕಕ್ಕೆ ಬರುವುದಿಲ್ಲ, ಎಂಜಿನ್ ಕುಡಿದದ್ದು ಮಾತ್ರ ಬರುತ್ತದೆ. ಅಷ್ಟು ದಿನವೂ ಟೇಪಿನ ಕೆಳಗೆ ಅದು ನಿಜವನ್ನೇ ಹೇಳುತ್ತಿತ್ತು. ಅವನು ಕೂತು ತಟ್ಟೆ ಮುಂದಕ್ಕೆ ಎಳೆದುಕೊಂಡ. ಇಷ್ಟು ವಾರಗಳಲ್ಲಿ ಮೊದಲ ಸಲ ಅವನ ಹಣೆಯ ಗೆರೆಗಳು ಸಡಿಲವಾಗಿದ್ದವು.

“ಸರಿಹೋಯ್ತು,” ಎಂದು ಹೆಂಡತಿಗೆ ಹೇಳಿದ. “ಗಾಡಿಯಲ್ಲಿ ಏನೂ ತೊಂದರೆ ಇಲ್ಲ.”

ಅವಳು ಪಾತ್ರೆಯಿಂದ ಸೌಟನ್ನು ಎತ್ತಿ ಅವನಿಗೆ ಬಡಿಸಿದಳು.